ಪ್ರಮಾಣಪತ್ರದಲ್ಲಿ ಎರಡನೆಯ ನುಡಿ

ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಓದಿ, ಬರೆದು, ಮಾತನಾಡಬಲ್ಲ ಹೈಸ್ಕೂಲು ವಿದ್ಯಾರ್ಥಿಯ ಸಾಮರ್ಥ್ಯವನ್ನು ಅವರ ಶಾಲಾ ಪ್ರಮಾಣಪತ್ರದಲ್ಲಿಯೇ ದಾಖಲಿಸಬೇಕೆಂಬ ಏರ್ಪಾಡು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೊದಲು ರಾಜ್ಯ ಕಾನೂನಿನ ರೂಪ ಪಡೆದದ್ದು 2011ರಲ್ಲಿ. ಅದೂ, ಮಕ್ಕಳಿಗೆ ಮನೆಮಾತಿನ ಮೂಲಕ ಪಾಠ ಹೇಳುವುದನ್ನು ಹದಿಮೂರು ವರ್ಷಗಳ ಹಿಂದೆಯಷ್ಟೇ ಮತದಾನದ ಮೂಲಕ ನಿರ್ಬಂಧಿಸಿದ್ದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ. ‘ಸೀಲ್ ಆಫ್ ಬೈಲಿಟರಸಿ’ ಎಂದು ಕರೆಯಲಾಗುವ ಈ ದ್ವಿಭಾಷಾ ಸಾಕ್ಷರತಾ ಮುದ್ರೆಯನ್ನು, ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಶಾಲೆ ನೀಡುವ ಡಿಪ್ಲೊಮಾದ ಮೇಲೆ ಅಂಟಿಸಲಾಗುತ್ತದೆ ಅಥವಾ ಅವರ ಅಂಕದಾಖಲೆಯಲ್ಲಿ ನಮೂದಿಸಲಾಗುತ್ತದೆ. ಇಂಗ್ಲಿಷಿನಲ್ಲಿಯೂ ಮತ್ತೊಂದು ಭಾಷೆಯಲ್ಲಿಯೂ ನಿಗದಿತ ಮಟ್ಟದ ಪ್ರಾವೀಣ್ಯ ಪಡೆದಿರುವುದನ್ನು ಅದು ಕಾಲೇಜುಗಳಿಗೂ ಉದ್ಯೋಗದಾತರಿಗೂ ತಿಳಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಈ ಪದ್ಧತಿ ಇಂದು ಆ ದೇಶದ ಬಹುತೇಕ ಎಲ್ಲ ರಾಜ್ಯಗಳಿಗೂ ಹಬ್ಬಿದೆ.

ಮೇಲ್ನೋಟಕ್ಕೆ ಇದು ಜಾಣ ಮಕ್ಕಳಿಗೆ ಸಿಗುವ ಇನ್ನೊಂದು ಬಹುಮಾನದಂತೆ ಕಾಣಬಹುದು. ಆದರೆ ಭಾಷೆಯನ್ನು ಎಲ್ಲಿ ಕಲಿತರು, ಯಾರಿಂದ ಕಲಿತರು, ಎಷ್ಟು ಗಂಟೆ ತರಗತಿಯಲ್ಲಿ ಕುಳಿತರು ಎಂಬ ಪ್ರಶ್ನೆಗಳನ್ನು ಬದಿಗಿಟ್ಟು, ಆ ಭಾಷೆಯಲ್ಲಿ ಈಗ ಏನು ಮಾಡಬಲ್ಲರು ಎಂದು ಕೇಳಿದ್ದು ಈ ಮುದ್ರೆಯ ನಿಜವಾದ ಹೊಸತನ. ಅಡುಗೆಮನೆಯಲ್ಲಿ ಅಜ್ಜಿಯಿಂದ ಕಲಿತ ಭಾಷೆಗೂ ಶಾಲೆಯಲ್ಲಿ ಶಿಕ್ಷಕರಿಂದ ಕಲಿತ ಭಾಷೆಗೂ ಒಂದೇ ಮನ್ನಣೆ ಸಿಗುವ ಸಾಧ್ಯತೆ ಅದರಿಂದ ತೆರೆದುಕೊಂಡಿತು. ಆ ಸಾಧ್ಯತೆ ಯಾವ ಭಾಷೆಯ, ಯಾವ ಮನೆಯ ಮಕ್ಕಳಿಗೆ ಕೈಗೂಡುತ್ತದೆ ಎಂಬುದನ್ನು ಮಾತ್ರ ಕಾನೂನಿನ ಉದ್ದೇಶಕ್ಕಿಂತ ಹೆಚ್ಚಾಗಿ, ಪರೀಕ್ಷೆಗಳ ಲಭ್ಯತೆಯೂ ಅವು ಬೇಡುವ ಓದುಬರಹದ ಮಟ್ಟವೂ ನಿರ್ಧರಿಸುತ್ತಿವೆ. ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳೂ ಈ ನಿರ್ಧಾರದ ವ್ಯಾಪ್ತಿಯೊಳಗೆ ಬರುತ್ತಾರೆ.

ದಂಡದಿಂದ ಮನ್ನಣೆಗೆ

ಇಂಗ್ಲಿಷೇತರ ಭಾಷೆಗಳ ವಿಷಯದಲ್ಲಿ ಅಮೆರಿಕದ ಶಾಲೆಗಳ ಧೋರಣೆ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಧ್ಯಪಶ್ಚಿಮದ ಅನೇಕ ಊರುಗಳಲ್ಲಿ ಜರ್ಮನ್ ಮಾಧ್ಯಮದ ಶಾಲೆಗಳು ಸಹಜವಾಗಿಯೇ ನಡೆಯುತ್ತಿದ್ದವು. ಮೊದಲನೆಯ ಮಹಾಯುದ್ಧ ಎಬ್ಬಿಸಿದ ಜರ್ಮನ್ ದ್ವೇಷದ ಬೆನ್ನಲ್ಲೇ ನೆಬ್ರಾಸ್ಕ ರಾಜ್ಯ 1919ರಲ್ಲಿ ಒಂದು ಕಾನೂನು ಮಾಡಿ, ಎಂಟನೆಯ ತರಗತಿ ಮುಗಿಯದ ಮಕ್ಕಳಿಗೆ ಇಂಗ್ಲಿಷಲ್ಲದ ಆಧುನಿಕ ಭಾಷೆಯನ್ನು ಕಲಿಸುವುದನ್ನೇ ನಿಷೇಧಿಸಿತು. ಮಗುವೊಂದಕ್ಕೆ ಜರ್ಮನ್ ಓದಲು ಕಲಿಸಿದ್ದಕ್ಕಾಗಿ ರಾಬರ್ಟ್ ಮೇಯರ್ ಎಂಬ ಶಿಕ್ಷಕರಿಗೆ 25 ಡಾಲರ್ ದಂಡ ಬಿದ್ದಿತು. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1923ರಲ್ಲಿ ನ್ಯಾಯಾಲಯ ಆ ಕಾನೂನನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಕಲಿಸುವ ಹಕ್ಕೇನೋ ಉಳಿಯಿತು. ಆದರೆ ವಲಸೆ ಬಂದವರ ಭಾಷೆಯನ್ನು ಶಾಲೆಯ ಹೊರಗೇ ಬಿಟ್ಟುಬರಬೇಕೆಂಬ ಭಾವನೆ ಮುಂದಿನ ನಾಲ್ಕು ದಶಕ ಮೇಲುಗೈಯಾಗಿಯೇ ಇತ್ತು.

ಎರಡು ಭಾಷೆಗಳು ಮಗುವಿನ ಬುದ್ಧಿಯನ್ನು ಗೊಂದಲಗೊಳಿಸುತ್ತವೆ ಎಂದು ಆಗಿನ ಅನೇಕ ವಿದ್ವಾಂಸರೂ ನಂಬಿದ್ದದ್ದು ಈ ಭಾವನೆಗೆ ಬಲ ಕೊಟ್ಟಿತ್ತು. 1962ರಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೆಸ್ ಲ್ಯಾಂಬರ್ಟ್ ಕೆನಡಾದ ಮಾಂಟ್ರಿಯಲ್ ನಗರದ ಹತ್ತು ವರ್ಷದ ಮಕ್ಕಳನ್ನು ಅಧ್ಯಯನ ಮಾಡಿ, ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರು ಒಂದೇ ಭಾಷೆ ಬಲ್ಲವರಿಗಿಂತ ಬೌದ್ಧಿಕ ಪರೀಕ್ಷೆಗಳಲ್ಲಿ ಮೇಲಿದ್ದಾರೆಂದು ತೋರಿಸಿದಾಗ ಆ ನಂಬಿಕೆ ಅಲುಗಾಡಿತು. ದ್ವಿಭಾಷಿಕತೆಯಿಂದ ಬುದ್ಧಿಗೆ ಎಷ್ಟು ಲಾಭ ಎಂಬುದರ ಬಗೆಗೆ ಸಂಶೋಧಕರಲ್ಲಿ ಇಂದಿಗೂ ವಾದವಿದ್ದರೂ, ಅದು ಹಾನಿಕರವೆಂಬ ಹಳೆಯ ತೀರ್ಮಾನ ಮತ್ತೆ ತಲೆಯೆತ್ತಲಿಲ್ಲ. ಜಿಮ್ ಕಮಿನ್ಸ್ ಎಂಬ ಶಿಕ್ಷಣಶಾಸ್ತ್ರಜ್ಞರು 1970ರ ದಶಕದ ಕೊನೆಯಲ್ಲಿ ಮಂಡಿಸಿದ ‘ಪರಸ್ಪರಾವಲಂಬನೆ’ಯ ಸಿದ್ಧಾಂತ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಒಂದು ಭಾಷೆಯಲ್ಲಿ ಗಳಿಸಿದ ಓದುವ, ತರ್ಕಿಸುವ, ಸಾರ ಹಿಡಿಯುವ ಶಕ್ತಿ ಇನ್ನೊಂದು ಭಾಷೆಗೂ ಒದಗುತ್ತದೆಯಾದ್ದರಿಂದ, ಮನೆಮಾತನ್ನು ಗಟ್ಟಿಗೊಳಿಸುವುದು ಇಂಗ್ಲಿಷ್ ಕಲಿಕೆಗೆ ಅಡ್ಡಿಯಲ್ಲ ಎಂಬುದು ಅದರ ಸಾರ.

ರಾಜಕೀಯದಲ್ಲಿಯೂ ಗಾಳಿ ತಿರುಗಿತ್ತು. ಇಂಗ್ಲಿಷ್ ಬಾರದ ಮಕ್ಕಳ ಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣ ಒದಗಿಸುವ ದ್ವಿಭಾಷಾ ಶಿಕ್ಷಣ ಕಾಯ್ದೆ 1968ರಲ್ಲಿ ಜಾರಿಗೆ ಬಂದಿತು. 1974ರ ‘ಲೌ ವಿರುದ್ಧ ನಿಕೋಲ್ಸ್’ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮೂಲದ ಮಕ್ಕಳನ್ನು ಅರ್ಥವಾಗದ ಭಾಷೆಯ ತರಗತಿಯಲ್ಲಿ ಯಾವ ನೆರವೂ ಇಲ್ಲದೆ ಕೂರಿಸುವುದು ಸಮಾನ ಅವಕಾಶವಾಗುವುದಿಲ್ಲ ಎಂದು ಹೇಳಿತು. ಆದರೆ ಈ ಕ್ರಮಗಳೆಲ್ಲ ಮಗುವಿನ ಮನೆಮಾತನ್ನು ಒಂದು ಕೊರತೆಯ ಗುರುತಾಗಿಯೇ ನೋಡಿದವು: ಇಂಗ್ಲಿಷ್ ಬರುವವರೆಗೆ ಅದನ್ನು ಊರುಗೋಲಾಗಿ ಬಳಸಬೇಕು, ಬಂದ ಮೇಲೆ ಕೈಬಿಡಬೇಕು. ಮನೆಮಾತಿನಲ್ಲಿ ವಿದ್ಯಾರ್ಥಿ ಎಷ್ಟು ಮುಂದಿದ್ದಾರೆ ಎಂದು ಅಳೆದು ದಾಖಲಿಸುವ ವ್ಯವಸ್ಥೆ ಎಲ್ಲಿಯೂ ಇರಲಿಲ್ಲ.

ಕ್ಯಾಲಿಫೋರ್ನಿಯಾದ ತಿರುವು

ಆ ಊರುಗೋಲನ್ನೂ ಕಸಿಯುವ ಪ್ರಯತ್ನ 1998ರಲ್ಲಿ ನಡೆಯಿತು. ಸಾಫ್ಟ್‌ವೇರ್ ಉದ್ಯಮಿ ರಾನ್ ಉಂಜ್ ಮುಂದಾಳತ್ವದಲ್ಲಿ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ಬಂದ ‘ಪ್ರೊಪೊಸಿಷನ್ 227’ ಎಂಬ ಪ್ರಸ್ತಾವ, ಇಂಗ್ಲಿಷ್ ಬಾರದ ಮಕ್ಕಳಿಗೆ ಸಾಮಾನ್ಯವಾಗಿ ಒಂದು ವರ್ಷಕ್ಕೆ ಮೀರದ ಇಂಗ್ಲಿಷ್ ತರಬೇತಿ ಕೊಟ್ಟು ಸಾಮಾನ್ಯ ತರಗತಿಗೆ ಸೇರಿಸಬೇಕು, ಪೋಷಕರು ವಿಶೇಷ ವಿನಾಯಿತಿ ಕೋರಿದರೆ ಮಾತ್ರ ದ್ವಿಭಾಷಾ ತರಗತಿ ಇರಬಹುದು ಎಂದು ವಿಧಿಸಿತು. ಶೇ 61ರಷ್ಟು ಮತದಾರರು ಅದನ್ನು ಒಪ್ಪಿದರು. ಅರಿಜೋನ 2000ದಲ್ಲಿ, ಮ್ಯಾಸಚೂಸೆಟ್ಸ್ 2002ರಲ್ಲಿ ಇದೇ ದಾರಿ ಹಿಡಿದವು.

ಈ ಸೋಲಿನ ನಂತರ ದ್ವಿಭಾಷಾ ಶಿಕ್ಷಣದ ಪರವಾಗಿದ್ದವರು ತಮ್ಮ ವಾದದ ನೆಲೆಯನ್ನೇ ಬದಲಿಸಿಕೊಂಡದ್ದು ಈ ಇತಿಹಾಸದ ಬಹು ಮುಖ್ಯ ಘಟ್ಟ. ‘ಕ್ಯಾಲಿಫೋರ್ನಿಯನ್ಸ್ ಟುಗೆದರ್’ ಎಂಬ ಸಂಘಟನೆಗಳ ಒಕ್ಕೂಟ 2008ರ ಸುಮಾರಿಗೆ, ಬೋಧನಾ ಮಾಧ್ಯಮದ ಜಗಳವನ್ನು ನೇರವಾಗಿ ಮತ್ತೆ ಕೆದಕದೆ, ಎರಡು ಭಾಷೆ ಬಲ್ಲ ವಿದ್ಯಾರ್ಥಿಗಳನ್ನು ಶಾಲೆ ಮುಗಿಸುವ ಹಂತದಲ್ಲಿ ಗೌರವಿಸೋಣ ಎಂಬ ಯೋಜನೆಯನ್ನು ಶಾಲಾ ಜಿಲ್ಲೆಗಳ ಮುಂದಿಟ್ಟಿತು. ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ಚುನಾಯಿತ ಮಂಡಳಿಯೊಂದರ ಮೂಲಕ ನಡೆಸುವ ಸ್ಥಳೀಯ ಆಡಳಿತ ಘಟಕಕ್ಕೆ ಅಲ್ಲಿ ಶಾಲಾ ಜಿಲ್ಲೆ ಎನ್ನುತ್ತಾರೆ. ಆರ್ಮೇನಿಯನ್, ಕೊರಿಯನ್, ಸ್ಪ್ಯಾನಿಷ್ ಭಾಷಿಕರು ನೆಲೆಸಿರುವ ಗ್ಲೆಂಡೇಲ್ ಶಾಲಾ ಜಿಲ್ಲೆ ಈ ಯೋಜನೆಯನ್ನು ಮೊದಲು ಕೈಗೆತ್ತಿಕೊಂಡವುಗಳಲ್ಲಿ ಒಂದು. ಮಕ್ಕಳ ಸಾಧನೆಯನ್ನು ಸನ್ಮಾನಿಸುವ ಪ್ರಸ್ತಾವವನ್ನು ವಿರೋಧಿಸುವುದು ಇಂಗ್ಲಿಷ್ ಮಾತ್ರ ಸಾಕು ಎನ್ನುವವರಿಗೂ ಕಷ್ಟವಿತ್ತು. ಶಾಸಕಿ ಜೂಲಿಯಾ ಬ್ರೌನ್ಲಿ ಮಂಡಿಸಿದ 815ನೆಯ ಸಂಖ್ಯೆಯ ವಿಧೇಯಕಕ್ಕೆ ಗವರ್ನರ್ ಜೆರ್ರಿ ಬ್ರೌನ್ 2011ರ ಅಕ್ಟೋಬರಿನಲ್ಲಿ ಸಹಿ ಹಾಕಿದರು. 2012ರಲ್ಲಿ, ಮೊದಲ ವರ್ಷವೇ, 10,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಮುದ್ರೆ ಪಡೆದರು.

ಯೋಜನೆಗೆ ಸೇರುವುದು ಶಾಲಾ ಜಿಲ್ಲೆಗಳ ಇಚ್ಛೆಗೆ ಬಿಟ್ಟದ್ದಾಗಿತ್ತು, ಖರ್ಚು ಕಡಿಮೆಯಿತ್ತು, ಪಠ್ಯಕ್ರಮವನ್ನು ಬದಲಿಸಬೇಕಾದ ಅಗತ್ಯವಿರಲಿಲ್ಲ. ಹೀಗಾಗಿ ಬೇರೆ ರಾಜ್ಯಗಳು ಇದನ್ನು ಬೇಗನೆ ಅನುಸರಿಸಿದವು. ನ್ಯೂಯಾರ್ಕ್ 2012ರಲ್ಲಿಯೇ ತನ್ನ ಕಾನೂನು ಮಾಡಿತು. ಭಾಷಾಶಿಕ್ಷಕರ ನಾಲ್ಕು ರಾಷ್ಟ್ರೀಯ ಸಂಘಟನೆಗಳು ಕೂಡಿ 2015ರಲ್ಲಿ ಸಮಾನ ಮಾರ್ಗಸೂಚಿಯನ್ನು ಪ್ರಕಟಿಸಿದವು. ಮುದ್ರೆಯ ಮೂಲಕ ಹರಡಿದ ಅಭಿಮಾನ ಹಳೆಯ ನಿಷೇಧಗಳನ್ನು ಸಡಿಲಿಸಲೂ ನೆರವಾಯಿತು: 2016ರ ‘ಪ್ರೊಪೊಸಿಷನ್ 58’ರ ಮೂಲಕ ಕ್ಯಾಲಿಫೋರ್ನಿಯಾದ ಮತದಾರರು ಶೇ 73ರಷ್ಟು ಬಹುಮತದಿಂದ 1998ರ ನಿರ್ಬಂಧವನ್ನು ತೆಗೆದುಹಾಕಿದರು. ಮ್ಯಾಸಚೂಸೆಟ್ಸ್ 2017ರಲ್ಲಿ ತನ್ನ ನಿರ್ಬಂಧವನ್ನು ರದ್ದುಪಡಿಸಿದ ಕಾನೂನಿನಲ್ಲಿಯೇ ಮುದ್ರೆಯನ್ನೂ ಸೇರಿಸಿತು. ಅರಿಜೋನದ ಕಥೆ ಮಾತ್ರ ಬೇರೆ; 2000ದ ನಿರ್ಬಂಧ ಹಾಗೆಯೇ ಇರುವಾಗ 2016ರಲ್ಲಿ ಆ ರಾಜ್ಯ ಮುದ್ರೆಯನ್ನೂ ಜಾರಿಗೆ ತಂದಿತು. ಮನೆಮಾತಿನ ಮೂಲಕ ಕಲಿಸುವುದಕ್ಕೆ ಅಡ್ಡಿ ಮಾಡುತ್ತಲೇ ಆ ಮಾತನ್ನು ಹೇಗೋ ಉಳಿಸಿಕೊಂಡ ಮಗುವನ್ನು ಕೊನೆಯಲ್ಲಿ ಸನ್ಮಾನಿಸಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಪ್ರಾವೀಣ್ಯದ ಅಳತೆ

ಅಮೆರಿಕದ ಹೈಸ್ಕೂಲುಗಳು ಒಂದು ಶತಮಾನದಿಂದ ಕಲಿಕೆಯನ್ನು ಎಣಿಸುತ್ತ ಬಂದಿರುವುದು ಗಂಟೆಗಳಲ್ಲಿ. 1906ರ ಸುಮಾರಿಗೆ ರೂಪುಗೊಂಡ ‘ಕಾರ್ನೆಗಿ ಯೂನಿಟ್’ ಎಂಬ ಮಾನದಂಡದ ಪ್ರಕಾರ ಒಂದು ವಿಷಯವನ್ನು ಸುಮಾರು 120 ಗಂಟೆಗಳ ಕಾಲ ತರಗತಿಯಲ್ಲಿ ಕಲಿತರೆ ಒಂದು ಕ್ರೆಡಿಟ್ ಸಿಗುತ್ತದೆ. ಈ ಲೆಕ್ಕದಲ್ಲಿ ಎರಡು ವರ್ಷ ಸ್ಪ್ಯಾನಿಷ್ ತರಗತಿಯಲ್ಲಿ ಕುಳಿತು ನಾಲ್ಕು ವಾಕ್ಯವನ್ನು ತಡವರಿಸಿ ಹೇಳುವ ವಿದ್ಯಾರ್ಥಿಗೆ ಎರಡು ಕ್ರೆಡಿಟ್ ಇರುತ್ತದೆ. ಹುಟ್ಟಿನಿಂದ ಸೊಮಾಲಿ ಮಾತನಾಡುತ್ತ, ಅದರಲ್ಲಿ ಓದುತ್ತ ಬಂದ ವಿದ್ಯಾರ್ಥಿಗೆ ಏನೂ ಇರುವುದಿಲ್ಲ.

ಮುದ್ರೆ ಈ ಲೆಕ್ಕಾಚಾರದಿಂದ ಹೊರಬಂದು, ಅಮೆರಿಕದ ಭಾಷಾಶಿಕ್ಷಕರ ಮಂಡಳಿಯಾದ ‘ಆಕ್ಟ್‌ಫಲ್’ 1986ರಲ್ಲಿ ಮೊದಲು ಪ್ರಕಟಿಸಿದ ಪ್ರಾವೀಣ್ಯ ಹಂತಗಳನ್ನು ಆಧಾರವಾಗಿ ಇಟ್ಟುಕೊಂಡಿತು. ವಿದೇಶಾಂಗ ಸೇವೆಯ ಅಧಿಕಾರಿಗಳ ಭಾಷಾಜ್ಞಾನವನ್ನು ಅಳೆಯಲು 1950ರ ದಶಕದಲ್ಲಿ ಸರ್ಕಾರವೇ ಬಳಕೆಗೆ ತಂದಿದ್ದ ಮಾಪಕದಿಂದ ಬೆಳೆದುಬಂದ ಈ ಹಂತಗಳಲ್ಲಿ ಕಂಠಪಾಠ ಮಾಡಿದ ಪದ, ನುಡಿಗಟ್ಟುಗಳಷ್ಟನ್ನೇ ಬಳಸುವವರು ಆರಂಭಿಕ ಹಂತದಲ್ಲಿರುತ್ತಾರೆ. ಸ್ವಂತ ವಾಕ್ಯಗಳನ್ನು ಕಟ್ಟಿ, ಪ್ರಶ್ನೆ ಕೇಳಿ, ದಿನನಿತ್ಯದ ಸಂದರ್ಭಗಳನ್ನು ನಿಭಾಯಿಸುವವರು ಮಧ್ಯಮ ಹಂತಕ್ಕೆ ಸೇರುತ್ತಾರೆ. ನಡೆದದ್ದನ್ನು, ನಡೆಯುತ್ತಿರುವುದನ್ನು, ನಡೆಯಬೇಕಾದದ್ದನ್ನು ಪ್ಯಾರಾ ಪ್ರಮಾಣದ ಸುಸಂಬದ್ಧ ಮಾತಿನಲ್ಲಿ ವಿವರಿಸಬಲ್ಲವರದು ಮುಂದುವರಿದ ಹಂತ. ಅದರ ಮೇಲೆಯೂ ಎರಡು ಹಂತಗಳಿವೆ. ಮೊದಲ ಮೂರು ಹಂತಗಳಲ್ಲಿ ಒಂದೊಂದರಲ್ಲಿಯೂ ಕೆಳ, ನಡು, ಮೇಲು ಎಂಬ ಒಳಮೆಟ್ಟಿಲುಗಳಿವೆ. ಹಲವು ರಾಜ್ಯಗಳು ಮುದ್ರೆಗೆ ಮಧ್ಯಮ ಹಂತದ ನಡುವಿನ ಮೆಟ್ಟಿಲನ್ನು ಸಾಕೆನ್ನುತ್ತವೆ. ನ್ಯೂಯಾರ್ಕ್, ಇಲಿನಾಯ್ ರಾಜ್ಯಗಳು ಅದೇ ಹಂತದ ಮೇಲಿನ ಮೆಟ್ಟಿಲನ್ನು ಕೇಳುತ್ತವೆ. ಮಿನಸೋಟ 2014ರ ಕಾನೂನಿನ ಮೂಲಕ ಚಿನ್ನ, ಪ್ಲಾಟಿನಂ ಎಂದು ಎರಡು ದರ್ಜೆಯ ಮುದ್ರೆಗಳನ್ನೇ ಮಾಡಿಕೊಂಡಿದೆ.

ಸಾಬೀತುಪಡಿಸುವ ದಾರಿಗಳೂ ಒಂದೇ ತೆರನಾಗಿಲ್ಲ. ಕಾಲೇಜು ಮಟ್ಟದ ಪಠ್ಯವನ್ನು ಹೈಸ್ಕೂಲಿನಲ್ಲಿಯೇ ಓದಿ ಬರೆಯುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ಐದಕ್ಕೆ ಮೂರು ಅಥವಾ ಹೆಚ್ಚು ಅಂಕ ಪಡೆದರೆ ಕ್ಯಾಲಿಫೋರ್ನಿಯಾ ಒಪ್ಪುತ್ತದೆ. ಒಂದೇ ಭಾಷೆಯನ್ನು ನಾಲ್ಕು ವರ್ಷ ಉತ್ತಮ ದರ್ಜೆಯಲ್ಲಿ ಕಲಿತು ಮೌಖಿಕ ಪ್ರಾವೀಣ್ಯ ತೋರಿಸುವ ದಾರಿಯೂ ಅಲ್ಲಿದೆ. ನ್ಯೂಯಾರ್ಕಿನಲ್ಲಿ ಇಂಗ್ಲಿಷಿಗೆ ಮೂರು, ಮತ್ತೊಂದು ಭಾಷೆಗೆ ಮೂರು ಅಂಶಗಳನ್ನು ಗಳಿಸಬೇಕು. ವಿದ್ಯಾರ್ಥಿಯೇ ಆರಿಸಿಕೊಂಡ ವಿಷಯವೊಂದನ್ನು ಸಂಶೋಧಿಸಿ, ಬರೆದು, ತಜ್ಞರ ಮುಂದೆ ಆ ಭಾಷೆಯಲ್ಲಿ ಮಂಡಿಸಿ, ಪ್ರಶ್ನೆಗಳಿಗೆ ಉತ್ತರಿಸುವ ಯೋಜನಾಕಾರ್ಯವೂ ಈ ಅಂಶಗಳನ್ನು ಗಳಿಸುವ ಒಂದು ಬಗೆ. ವಾಷಿಂಗ್ಟನ್ ರಾಜ್ಯದಲ್ಲಿ ಪ್ರಾವೀಣ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಒಂದು ದಿನವೂ ಭಾಷಾತರಗತಿಗೆ ಹೋಗದೆ 4 ಕ್ರೆಡಿಟ್‌ಗಳವರೆಗೆ ಪಡೆಯಬಹುದು. ಇಲಿನಾಯ್, ಮಿನಸೋಟ ರಾಜ್ಯಗಳಲ್ಲಿ ಮುದ್ರೆ ಪಡೆದವರಿಗೆ ಸಾರ್ವಜನಿಕ ಕಾಲೇಜುಗಳಲ್ಲಿ ಭಾಷೆಯ ಕ್ರೆಡಿಟ್ ದೊರೆಯುವ ಕಾನೂನುಬದ್ಧ ಏರ್ಪಾಡಿರುವುದರಿಂದ ಅಲ್ಲಿ ಮುದ್ರೆಗೆ ಗೌರವದ ಜೊತೆ ಹಣದ ಬೆಲೆಯೂ ಇದೆ. ಕಾಲೇಜು ಶುಲ್ಕದ ಒಂದು ಭಾಗ ಅದರಿಂದ ಉಳಿಯುತ್ತದೆ.

ಒಂದೇ ಮುದ್ರೆ, ಎರಡು ಅಪೇಕ್ಷೆ

ಎಲ್ಲರಿಗೂ ಒಂದೇ ಎನ್ನಿಸುವ ಈ ನಿಯಮಗಳ ಒಳಗೆ ಅಸಮತೆಯೊಂದಿದೆ. ಇಂಗ್ಲಿಷ್ ಮನೆಮಾತಿನ ವಿದ್ಯಾರ್ಥಿ ಸ್ಪ್ಯಾನಿಷಿನಲ್ಲಿ ಮಧ್ಯಮ ಹಂತ ತಲುಪಿದರೆ ಸಾಕಾಗುತ್ತದೆ. ಸ್ಪ್ಯಾನಿಷ್ ಮನೆಮಾತಿನ ವಿದ್ಯಾರ್ಥಿಯಾದರೋ, ಇಂಗ್ಲಿಷಿನಲ್ಲಿ ಹನ್ನೊಂದನೆಯ ತರಗತಿಯ ರಾಜ್ಯಪರೀಕ್ಷೆಯಂತಹ, ಹುಟ್ಟಿನಿಂದ ಇಂಗ್ಲಿಷ್ ಆಡುವವರಿಗೆಂದೇ ರೂಪಿಸಿದ ಶೈಕ್ಷಣಿಕ ಮಾನದಂಡವನ್ನು ಮುಟ್ಟಬೇಕಾಗುತ್ತದೆ. ಮೊದಲನೆಯವರ ಎರಡನೆಯ ಭಾಷೆಗೆ ಒಂದು ಮಟ್ಟ, ಎರಡನೆಯವರ ಎರಡನೆಯ ಭಾಷೆಗೆ ಅದಕ್ಕಿಂತ ಬಹಳ ಎತ್ತರದ ಮಟ್ಟ. ಇದರ ಮೇಲೆ, ‘ಇಂಗ್ಲಿಷ್ ಕಲಿಯುವವರು’ ಎಂದು ಶಾಲೆ ವರ್ಗೀಕರಿಸಿದ ವಿದ್ಯಾರ್ಥಿಗಳು ಪ್ರತ್ಯೇಕವಾದ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆಯಲ್ಲಿಯೂ ಗೆಲ್ಲಬೇಕೆಂದು ಕ್ಯಾಲಿಫೋರ್ನಿಯಾದ ಮೂಲ ಕಾನೂನು ವಿಧಿಸಿತ್ತು. ಇಂಥ ತೊಡಕುಗಳನ್ನು ಕಡಿಮೆ ಮಾಡಲೆಂದು ಇಂಗ್ಲಿಷ್ ಪ್ರಾವೀಣ್ಯ ತೋರಿಸುವ ದಾರಿಗಳನ್ನು ಹಿಗ್ಗಿಸುವ ತಿದ್ದುಪಡಿಯನ್ನು ಆ ರಾಜ್ಯ 2023ರಲ್ಲಿ ಅಂಗೀಕರಿಸಿತು.

ಈ ಅಪಾಯವನ್ನು ಮುದ್ರೆ ಹುಟ್ಟುವುದಕ್ಕೆ ಬಹಳ ಮೊದಲೇ ಗುರುತಿಸಿದವರಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ವಾಡಲುಪೆ ವಾಲ್ಡೆಸ್ 1997ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇಂಗ್ಲಿಷ್ ಮನೆಯ ಮಕ್ಕಳನ್ನೂ ಸ್ಪ್ಯಾನಿಷ್ ಮನೆಯ ಮಕ್ಕಳನ್ನೂ ಒಂದೇ ತರಗತಿಯಲ್ಲಿ ಕೂರಿಸಿ ಎರಡೂ ಭಾಷೆ ಕಲಿಸುವ ಕಾರ್ಯಕ್ರಮಗಳನ್ನು ಪರಿಶೀಲಿಸಿ, ಅಂಥ ಕಾರ್ಯಕ್ರಮಗಳ ಲಾಭ ಯಾರ ಪಾಲಾಗುತ್ತದೆ ಎಂಬುದನ್ನು ಎಚ್ಚರದಿಂದ ನೋಡಬೇಕೆಂದು ಬರೆದರು. ಸ್ಪ್ಯಾನಿಷಿನ ನಾಲ್ಕು ಮಾತು ಕಲಿತ ಇಂಗ್ಲಿಷ್ ಮಗುವಿಗೆ ಸಿಗುವ ಮೆಚ್ಚುಗೆ, ಇಂಗ್ಲಿಷನ್ನು ಪೂರ್ತಿ ಕಲಿತ ಸ್ಪ್ಯಾನಿಷ್ ಮಗುವಿಗೆ ಸಿಗುವುದಿಲ್ಲ. ಅದು ಹಾಗೆ ಕಲಿಯಲೇಬೇಕು ಎಂದೇ ಎಲ್ಲರೂ ಭಾವಿಸಿರುತ್ತಾರೆ. ಕ್ರಿಸ್ಟಿನ್ ಡೇವಿನ್ ಮತ್ತು ಏಮಿ ಹೈನೆಕೆ 2017ರಲ್ಲಿ ರಾಜ್ಯಗಳ ನಿಯಮಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ, ಮಟ್ಟ, ಪರೀಕ್ಷೆ, ಒಪ್ಪುವ ಸಾಕ್ಷ್ಯ ಇವೆಲ್ಲವುಗಳಲ್ಲಿ ರಾಜ್ಯದಿಂದ ರಾಜ್ಯಕ್ಕೆ ಎಷ್ಟು ಅಂತರವಿದೆ ಎಂಬುದನ್ನು ವಿವರಿಸಿದ್ದಾರೆ. ಒಂದು ರಾಜ್ಯದಲ್ಲಿ ಮುದ್ರೆ ಪಡೆಯಬಹುದಾದ ವಿದ್ಯಾರ್ಥಿ ಪಕ್ಕದ ರಾಜ್ಯದಲ್ಲಿ ಅದಕ್ಕೆ ಅನರ್ಹನಾಗಬಹುದು. ಶಾಲಾ ಜಿಲ್ಲೆ ಯೋಜನೆಗೆ ಸೇರದೇ ಹೋದರೆ ಎಷ್ಟೇ ಪ್ರಾವೀಣ್ಯವಿದ್ದರೂ ರಾಜ್ಯದ ಮುದ್ರೆ ಸಿಗುವುದಿಲ್ಲ. ಪರೀಕ್ಷೆಯ ಶುಲ್ಕವನ್ನು ಜಿಲ್ಲೆ ಭರಿಸದ ಕಡೆ ಬಡ ಕುಟುಂಬದ ಮಕ್ಕಳು ಅರ್ಜಿಯನ್ನೇ ಹಾಕದೆ ಉಳಿಯುತ್ತಾರೆ.

ಬರಹವಿಲ್ಲದ ಭಾಷೆಗಳ ಪ್ರಶ್ನೆ

ಮುದ್ರೆಯ ಹೆಸರಿನಲ್ಲಿಯೇ ಸಾಕ್ಷರತೆ ಇರುವುದರಿಂದ ಓದುಬರಹ ಅದರ ಅವಿಭಾಜ್ಯ ಅಂಗ. ಆದರೆ ಎಲ್ಲ ಭಾಷಾಸಮುದಾಯಗಳೂ ಬರಹವನ್ನು ಭಾಷೆಯ ಪರಿಪೂರ್ಣತೆಯ ಗುರುತೆಂದು ಒಪ್ಪುವುದಿಲ್ಲ. ನ್ಯೂ ಮೆಕ್ಸಿಕೊ ರಾಜ್ಯದ ಹೇಮೆಸ್ ಪ್ಯೂಬ್ಲೊ ಎಂಬ ಮೂಲನಿವಾಸಿ ಸಮುದಾಯ ತನ್ನ ತೋವಾ ಭಾಷೆಯನ್ನು ಬರಹಕ್ಕಿಳಿಸಬಾರದೆಂದು ನಿರ್ಧರಿಸಿದೆ. ಭಾಷೆ ಬಾಯಿಂದ ಬಾಯಿಗೆ, ಸಮುದಾಯದ ಒಳಗೇ ಹರಿಯಬೇಕೆಂಬುದು ಅದರ ನಿಲುವು. ಇಂಥ ಭಾಷೆಯಲ್ಲಿ ನಿರರ್ಗಳವಾಗಿ ಮಾತನಾಡುವ ಹದಿನೆಂಟರ ಹರೆಯದವರನ್ನು ಲಿಖಿತ ಪರೀಕ್ಷೆಯ ಮೂಲಕ ಅಳೆಯುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. 1912ರ ತನ್ನ ಸಂವಿಧಾನದಲ್ಲಿಯೇ ಸ್ಪ್ಯಾನಿಷ್ ಭಾಷಿಕ ಮಕ್ಕಳ ಹಕ್ಕನ್ನು ಗುರುತಿಸಿದ್ದ ಈ ರಾಜ್ಯ, 2014ರಲ್ಲಿ ಮುದ್ರೆಯ ಕಾನೂನು ಮಾಡಿದಾಗ, ಮೂಲನಿವಾಸಿ ಭಾಷೆಗಳಲ್ಲಿ ವಿದ್ಯಾರ್ಥಿಯ ಪ್ರಾವೀಣ್ಯವನ್ನು ಆಯಾ ಬುಡಕಟ್ಟು ತನ್ನದೇ ವಿಧಾನದಿಂದ ದೃಢೀಕರಿಸಬಹುದು ಎಂದು ಅವಕಾಶ ಮಾಡಿಕೊಟ್ಟಿತು. ಭಾಷೆಯನ್ನು ಬಲ್ಲವರು ಯಾರು ಎಂದು ಹೇಳುವ ಅಧಿಕಾರವನ್ನು ಪರೀಕ್ಷಾ ಸಂಸ್ಥೆಯಿಂದ ಆ ಭಾಷೆಯ ಒಡೆತನವುಳ್ಳ ಸಮುದಾಯಕ್ಕೆ ಒಪ್ಪಿಸಿದ ಅಪರೂಪದ ಕ್ರಮವಿದು.

ಹವಾಯಿಯ ನಿಯಮ ಮತ್ತೊಂದು ಬಗೆಯಲ್ಲಿ ಗಮನಾರ್ಹ. 1896ರ ಕಾನೂನು ಅಲ್ಲಿ ಇಂಗ್ಲಿಷನ್ನೇ ಬೋಧನಾ ಮಾಧ್ಯಮ ಮಾಡಿ ಹವಾಯಿ ಭಾಷೆಯನ್ನು ಶಾಲೆಗಳಿಂದ ದೂರವಿಟ್ಟಿತು. ಮುಂದಿನ ಎಂಟು ದಶಕಗಳಲ್ಲಿ ಆ ಭಾಷೆ ಅಳಿವಿನ ಅಂಚಿಗೆ ಬಂದಿತು. 1978ರ ಸಂವಿಧಾನ ತಿದ್ದುಪಡಿ ಹವಾಯಿ ಭಾಷೆಗೆ ಇಂಗ್ಲಿಷಿನ ಜೊತೆಗೆ ಅಧಿಕೃತ ಸ್ಥಾನ ಕೊಟ್ಟ ಮೇಲೆ, 1980ರ ದಶಕದಲ್ಲಿ ಪೋಷಕರೂ ಶಿಕ್ಷಕರೂ ಸೇರಿ ಆರಂಭಿಸಿದ ‘ಪೂನಾನ ಲೇಯೊ’ ಶಿಶುವಿಹಾರಗಳಿಂದ ಅದು ಚೇತರಿಸಿಕೊಳ್ಳತೊಡಗಿತು. ಅಲ್ಲಿಯ ಮುದ್ರೆಯನ್ನು ಇಂಗ್ಲಿಷ್ ಮತ್ತು ಹವಾಯಿ ಭಾಷೆಗಳೆರಡರಲ್ಲಿ ಅಥವಾ ಇವುಗಳಲ್ಲಿ ಒಂದು ಮತ್ತು ಬೇರೊಂದು ಭಾಷೆಯಲ್ಲಿ ಪ್ರಾವೀಣ್ಯ ತೋರಿಸಿ ಪಡೆಯಬಹುದು. ಮಿಕ್ಕ ರಾಜ್ಯಗಳಲ್ಲಿ ಇಂಗ್ಲಿಷ್ ಪ್ರಶ್ನಾತೀತವಾದ ಮೊದಲ ಅರ್ಧವಾಗಿದ್ದರೆ, ಇಲ್ಲಿ ಮೂಲನಿವಾಸಿಗಳ ಭಾಷೆಯೂ ಆ ಸ್ಥಾನದಲ್ಲಿ ನಿಲ್ಲಬಲ್ಲದು. ಮಾತನಾಡುವ ಅಗತ್ಯವೇ ಇಲ್ಲದ ಲ್ಯಾಟಿನ್ನಿಗೂ, ಬರಹರೂಪವಿಲ್ಲದ ಅಮೆರಿಕನ್ ಸಂಜ್ಞಾಭಾಷೆಗೂ ಹಲವು ರಾಜ್ಯಗಳು ಬೇರೆ ಬೇರೆ ಮಾನದಂಡ ರೂಪಿಸಿಕೊಂಡಿರುವುದನ್ನು ನೋಡಿದರೆ, ಇಚ್ಛೆಯಿದ್ದಾಗ ನಿಯಮವನ್ನು ಭಾಷೆಯ ಸ್ವಭಾವಕ್ಕೆ ಹೊಂದಿಸುವುದು ಕಷ್ಟವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಕನ್ನಡದ ಮನೆಯ ಮಕ್ಕಳು

1965ರ ವಲಸೆ ಕಾನೂನು ಏಷ್ಯಾದವರಿಗೆ ಅಮೆರಿಕದ ಬಾಗಿಲನ್ನು ತೆರೆದ ಮೇಲೆ ಹೋಗಿ ನೆಲೆಸಿದ ವೈದ್ಯರು, ಎಂಜಿನಿಯರುಗಳು, 1990ರ ದಶಕದಿಂದ ಅವರನ್ನು ಹಿಂಬಾಲಿಸಿದ ಸಾಫ್ಟ್‌ವೇರ್ ಉದ್ಯೋಗಿಗಳು ಅಲ್ಲಿಯ ಕನ್ನಡ ಸಮುದಾಯವನ್ನು ಕಟ್ಟಿದರು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಷ್ಟು ಹಳೆಯದು. ದೇಶದ ಕನ್ನಡ ಕೂಟಗಳ ಆಗರವಾದ ‘ಅಕ್ಕ’ 1998ರಲ್ಲಿ ರೂಪುಗೊಂಡಿತು. ಮಕ್ಕಳಿಗೆ ಕನ್ನಡ ಕಲಿಸುವ ವಾರಾಂತ್ಯದ ತರಗತಿಗಳನ್ನು ಸ್ವಯಂಸೇವಕ ಪೋಷಕರು ಹಲವು ನಗರಗಳಲ್ಲಿ ನಡೆಸುತ್ತಿದ್ದಾರೆ. ಕನ್ನಡ ಅಕಾಡೆಮಿಯಂಥ ಸಂಸ್ಥೆಗಳು ಇದಕ್ಕೆ ಹಂತಹಂತದ ಪಠ್ಯಕ್ರಮವನ್ನು ಸಿದ್ಧಪಡಿಸಿವೆ. ತೆಲುಗಿನವರ ಮನಬಡಿ, ತಮಿಳರ ಕ್ಯಾಲಿಫೋರ್ನಿಯಾ ತಮಿಳ್ ಅಕಾಡೆಮಿಗಳು ಇದೇ ಕೆಲಸವನ್ನು ಇನ್ನೂ ವಿಸ್ತಾರವಾಗಿ ಮಾಡುತ್ತಿವೆ.

ಈ ಮಕ್ಕಳ ಭಾಷೆಗೆ ಶಿಕ್ಷಣಶಾಸ್ತ್ರದಲ್ಲಿ ‘ಪರಂಪರೆಯ ಭಾಷೆ’ ಎಂಬ ಹೆಸರಿದೆ: ಸಮಾಜದ ಪ್ರಧಾನ ಭಾಷೆ ಬೇರೆಯಿರುವಲ್ಲಿ ಮನೆಯೊಳಗೆ ಕೇಳುತ್ತ ಬೆಳೆದ ಭಾಷೆ. ಅಂಥ ಭಾಷೆಗಳ ಆಯುಸ್ಸು ದೊಡ್ಡದಲ್ಲ. ರುಂಬೌ, ಮ್ಯಾಸಿ ಮತ್ತು ಬೀನ್ ಎಂಬ ಸಮಾಜಶಾಸ್ತ್ರಜ್ಞರು ದಕ್ಷಿಣ ಕ್ಯಾಲಿಫೋರ್ನಿಯಾದ ವಲಸೆ ಕುಟುಂಬಗಳ ಬಗೆಗೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಪ್ಯಾನಿಷಿನಂಥ ಬಲಿಷ್ಠ ಭಾಷೆಯೂ ಮೂರನೆಯ ತಲೆಮಾರಿನ ಹೊತ್ತಿಗೆ ಬಹುಮಟ್ಟಿಗೆ ಮರೆಯಾಗುವುದನ್ನೂ, ಏಷ್ಯಾದ ಭಾಷೆಗಳು ಅದಕ್ಕಿಂತ ಬೇಗನೆ ಕರಗುವುದನ್ನೂ ತೋರಿಸಿದರು. ಹದಿಹರೆಯದಲ್ಲಿ ಸಿಗುವ ಸಾರ್ವಜನಿಕ ಮನ್ನಣೆ ಈ ಕರಗುವಿಕೆಯನ್ನು ಪೂರ್ತಿ ತಡೆಯಲಾರದು; ಆದರೆ ‘ಇದರಿಂದೇನು ಪ್ರಯೋಜನ’ ಎಂದು ಹದಿನಾಲ್ಕರ ವಯಸ್ಸಿನಲ್ಲಿ ತರಗತಿ ಬಿಡಲು ಹೊರಟ ಮಗುವಿಗೆ ಹೇಳಬಹುದಾದ ಒಂದು ಉತ್ತರವನ್ನಂತೂ ಅದು ಪೋಷಕರ ಕೈಗೆ ಕೊಡುತ್ತದೆ.

ಆ ಉತ್ತರ ಕನ್ನಡದ ಮಟ್ಟಿಗೆ ಬಹಳ ಕಾಲ ಲಭ್ಯವಿರಲಿಲ್ಲ. ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನೀ, ಜಪಾನೀ, ಲ್ಯಾಟಿನ್ ಭಾಷೆಗಳಿವೆ. ಭಾರತದ ಒಂದು ಭಾಷೆಯೂ ಇಲ್ಲ. ಅವಾಂಟ್ ಎಂಬ ಪರೀಕ್ಷಾ ಸಂಸ್ಥೆ, ಶಾಲೆಗಳಲ್ಲಿ ಅಪರೂಪವಾಗಿ ಕಲಿಸುವ ಭಾಷೆಗಳಿಗೆಂದು ರೂಪಿಸಿದ ಪ್ರಾವೀಣ್ಯ ಪರೀಕ್ಷೆಗಳ ಸಾಲಿನಲ್ಲಿ ತೆಲುಗು, ಮರಾಠಿಗಳಂತೆ ಕನ್ನಡವೂ ಸೇರಿದ ಮೇಲೆ ದಾರಿ ತೆರೆಯಿತು. ಇದೇ ಸಂಸ್ಥೆಯ ಪ್ರಯತ್ನದಿಂದ 2018ರಲ್ಲಿ ಆರಂಭವಾದ ‘ಗ್ಲೋಬಲ್ ಸೀಲ್’ ಎಂಬ ಪ್ರತ್ಯೇಕ ಪ್ರಮಾಣಪತ್ರ, ರಾಜ್ಯದ ಅಥವಾ ಶಾಲಾ ಜಿಲ್ಲೆಯ ಒಪ್ಪಿಗೆಗೆ ಕಾಯದೆ, ಪರೀಕ್ಷೆಯ ಫಲಿತಾಂಶವನ್ನೇ ಆಧರಿಸಿ ಸಿಗುತ್ತದೆ.

ಪರೀಕ್ಷೆ ಬಂದೊಡನೆ ಕನ್ನಡದ ಮಕ್ಕಳ ನಿಜವಾದ ತೊಡಕು ಎದುರಾಗುತ್ತದೆ. ತಾಯಿಯ ಮೈಸೂರು ಕನ್ನಡವೋ ತಂದೆಯ ಧಾರವಾಡ ಕನ್ನಡವೋ ಕಿವಿಗೆ ಪೂರ್ತಿ ತಿಳಿಯುವ, ಉತ್ತರವನ್ನು ಇಂಗ್ಲಿಷಿನಲ್ಲಿ ಕೊಡುವ ಮಕ್ಕಳೇ ಹೆಚ್ಚು. ಮಾತನಾಡಬಲ್ಲವರಿಗೂ ಗುಣಿತಾಕ್ಷರ, ಒತ್ತಕ್ಷರಗಳ ಲಿಪಿ ಬೇರೆಯೇ ಒಂದು ಕಲಿಕೆ. ಲಿಪಿಯನ್ನು ದಾಟಿದವರ ಮುಂದೆ ಆಡುಮಾತಿಗೂ ಬರಹದ ಕನ್ನಡಕ್ಕೂ ಇರುವ ಅಂತರ ನಿಲ್ಲುತ್ತದೆ: ‘ಹೋಗ್ತೀನಿ’, ‘ಹೊಂಟೀನಿ’ ಎಂದು ಕೇಳಿ ಬೆಳೆದವರು ಪುಟದ ಮೇಲೆ ‘ಹೋಗುತ್ತೇನೆ’ ಎಂಬುದನ್ನು ಕಂಡು ಅದು ತಮ್ಮದೇ ಭಾಷೆಯೆಂದು ಗುರುತಿಸಬೇಕಾಗುತ್ತದೆ. ಹೀಗೆ ಕೇಳುವುದರಲ್ಲಿ ಮುಂದುವರಿದ ಹಂತದಲ್ಲಿಯೂ ಬರೆಯುವುದರಲ್ಲಿ ಆರಂಭಿಕ ಹಂತದಲ್ಲಿಯೂ ಇರುವ ಏರುಪೇರಿನ ಸಾಮರ್ಥ್ಯ ಪರಂಪರೆಯ ಭಾಷಿಕರ ಸಾಮಾನ್ಯ ಲಕ್ಷಣ. ಎಲ್ಲ ಕೌಶಲಗಳಲ್ಲಿಯೂ ಒಂದೇ ಮಟ್ಟ ಬೇಡುವ ಮುದ್ರೆ ಇಂಥವರಲ್ಲಿ ದುರ್ಬಲವಾದ ಕೌಶಲವನ್ನೇ ಮುಂದಿಟ್ಟು ತೀರ್ಪು ಕೊಡುತ್ತದೆ. ಈ ಕಟ್ಟುನಿಟ್ಟಿಗೆ ಒಂದು ಒಳ್ಳೆಯ ಪರಿಣಾಮವೂ ಇದೆ: ಹಾಡು, ನಾಟಕ, ಹಬ್ಬಗಳ ಸುತ್ತಲೇ ಸುಳಿಯುವ ವಾರಾಂತ್ಯದ ತರಗತಿಗಳು, ಹದಿಹರೆಯದವರು ಆಸಕ್ತಿಯಿಂದ ಓದುವ, ತಮ್ಮ ವಿಚಾರವನ್ನು ತಾವೇ ಬರೆಯುವ ಕನ್ನಡದ ಕಡೆಗೆ ಹೊರಳಲು ಅದು ಒತ್ತಾಸೆಯಾಗುತ್ತದೆ. ತುಳು, ಕೊಡವ, ಬ್ಯಾರಿ ಮಾತನಾಡುವ ಮನೆಯ ಮಕ್ಕಳಾದರೆ ಮಾನ್ಯವಾದ ಪರೀಕ್ಷೆಯನ್ನು ಹುಡುಕುವುದರಲ್ಲಿಯೇ ಸೋಲುವ ಸಂಭವವಿದೆ. ನ್ಯೂ ಮೆಕ್ಸಿಕೊದ ಮಾದರಿ ಅವರಂಥವರಿಗೆ ಹೆಚ್ಚು ಹತ್ತಿರದ್ದು.

ಎಣಿಕೆಯ ಆಚೆಗೆ

ಕ್ಯಾಲಿಫೋರ್ನಿಯಾದ ಶಿಕ್ಷಣ ಇಲಾಖೆ 2018ರಲ್ಲಿ ಪ್ರಕಟಿಸಿದ ‘ಗ್ಲೋಬಲ್ ಕ್ಯಾಲಿಫೋರ್ನಿಯಾ 2030’ ಎಂಬ ಯೋಜನೆ, 2017ರಲ್ಲಿ 46,952ರಷ್ಟಿದ್ದ ವಾರ್ಷಿಕ ಮುದ್ರೆಗಳ ಸಂಖ್ಯೆಯನ್ನು 2030ಕ್ಕೆ 1,50,000ಕ್ಕೆ ಏರಿಸುವ ಗುರಿ ಇಟ್ಟುಕೊಂಡಿದೆ. ಇತ್ತ ಕೇಂದ್ರದಲ್ಲಿ, 2025ರ ಮಾರ್ಚ್ 1ರಂದು ಹೊರಬಿದ್ದ ಅಧ್ಯಕ್ಷರ ಆದೇಶ ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಸಾರಿತು. ಶಿಕ್ಷಣ ರಾಜ್ಯಗಳ ಹೊಣೆಯಾದ್ದರಿಂದ ಮುದ್ರೆಗೆ ಇದರಿಂದ ನೇರ ಧಕ್ಕೆಯಿಲ್ಲವಾದರೂ, ಐದು ವರ್ಷ ಮೀರಿದವರಲ್ಲಿ ಐವರಿಗೊಬ್ಬರಿಗಿಂತ ಹೆಚ್ಚು ಮಂದಿ ಮನೆಯಲ್ಲಿ ಇಂಗ್ಲಿಷೇತರ ಭಾಷೆಯಾಡುವ ದೇಶದಲ್ಲಿ ಎರಡು ಧೋರಣೆಗಳು ಇಂದಿಗೂ ಪಕ್ಕಪಕ್ಕದಲ್ಲಿಯೇ ನಡೆಯುತ್ತಿರುವುದನ್ನು ಅದು ತೋರಿಸುತ್ತದೆ.

ಮೂರು ಭಾಷೆಗಳನ್ನು ಓದುವುದು ವಾಡಿಕೆಯೇ ಆಗಿರುವ ಕರ್ನಾಟಕಕ್ಕೆ ಈ ಅನುಭವದಿಂದ ತಿಳಿಯಬೇಕಾದದ್ದಿದೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಮೊದಲ ಭಾಷೆಗೆ 125, ಉಳಿದೆರಡಕ್ಕೆ ನೂರು ನೂರು ಅಂಕಗಳಿವೆ. ಅರ್ಧಕ್ಕಿಂತ ಹೆಚ್ಚು ಅಂಕ ಭಾಷೆಗಳದ್ದೇ. ಆದರೆ ತೊಂಬತ್ತು ಅಂಕ ಪಡೆದ ವಿದ್ಯಾರ್ಥಿ ಆ ಭಾಷೆಯಲ್ಲಿ ಒಂದು ದೂರನ್ನು ಬರೆಯಬಲ್ಲರೇ, ಅಪರಿಚಿತರೊಡನೆ ಹತ್ತು ನಿಮಿಷ ಸಂಭಾಷಿಸಬಲ್ಲರೇ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ. ಲಂಬಾಣಿ ತಾಂಡಾದಿಂದ ಬಂದು ಕನ್ನಡದಲ್ಲಿ ಓದಿ ಇಂಗ್ಲಿಷಿನಲ್ಲಿ ಉತ್ತರ ಬರೆಯುವ ಹುಡುಗಿಯ ಮನೆಮಾತು ಆ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಭಾಷೆಗಳನ್ನು ಕಡ್ಡಾಯವಾಗಿ ಕಲಿಸುವುದೂ, ವಿದ್ಯಾರ್ಥಿ ಈಗಾಗಲೇ ಬಲ್ಲ ಭಾಷೆಗಳನ್ನು ಗುರುತಿಸುವುದೂ ಬೇರೆ ಬೇರೆ ಕೆಲಸಗಳು. ಮೊದಲನೆಯದನ್ನು ಬಹುಕಾಲದಿಂದ ಮಾಡುತ್ತ ಬಂದ ನಾಡು ಎರಡನೆಯದನ್ನು ಇನ್ನೂ ಆರಂಭಿಸಬೇಕಾಗಿದೆ.

ಮುದ್ರೆಯ ಯಶಸ್ಸನ್ನು ಎಷ್ಟು ಮಂದಿ ಪಡೆದರು ಎಂಬುದರಿಂದಷ್ಟೇ ಅಳೆದರೆ, ಒಳ್ಳೆಯ ಶಾಲೆಯಲ್ಲಿ ನಾಲ್ಕು ವರ್ಷ ಫ್ರೆಂಚ್ ಕಲಿಯುವ ಅನುಕೂಲವಿದ್ದವರೇ ಆ ಸಂಖ್ಯೆಯನ್ನು ತುಂಬಬಹುದು. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆಯಾಡುವ ಮಕ್ಕಳಲ್ಲಿ ಎಷ್ಟು ಪಾಲು ಅದನ್ನು ಪಡೆಯುತ್ತಿದ್ದಾರೆ, ಪಡೆಯದವರನ್ನು ತಡೆದದ್ದು ಅವರ ಸಾಮರ್ಥ್ಯವೋ, ಪರೀಕ್ಷೆಯ ಅಭಾವವೋ, ಶುಲ್ಕವೋ ಎಂಬ ಲೆಕ್ಕವನ್ನು ರಾಜ್ಯಗಳು ವರ್ಷವರ್ಷವೂ ಬಹಿರಂಗಪಡಿಸತೊಡಗಿದಾಗಲೇ ಈ ಯೋಜನೆ ತನ್ನ ಮೂಲ ಉದ್ದೇಶಕ್ಕೆ ನಿಷ್ಠವಾಗಿದೆಯೇ ಎಂದು ತೀರ್ಮಾನಿಸಲು ಸಾಧ್ಯ.